ಅಯಸ್ಕಾಂತಕ್ಕೆ ಅಂಟಿದ ತಾಮ್ರ

ಈ ವಿಡಿಯೋದಲ್ಲಿ ಅಂಗಳದ ತುಂಬ ಅಡಿಕೆ ಹರಡಿರುವುದು ನಿಮಗೆ ಕಾಣುತ್ತಿದೆ. ಕಾಸರಗೋಡಿನ ಬದಿಯಡ್ಕದ ಈ ಕಡೆ ಕ್ರಿಸ್ಮಸ್ ರಜೆಯೆಂದರೆ ಅಂಗಳ ಅಡಿಕೆಗೆ, ಜಗಲಿ ಮಕ್ಕಳಿಗೆ. ಅಕ್ಕನ ಮಗಳು, ಅವಳ ತಮ್ಮ, ಪಕ್ಕದ ಮನೆಯ ಹುಡುಗ, ಮೂವರೂ ಬೆಳಗ್ಗೆಯೇ ಹಾಜರು. ಲೋಹಗಳ ಗುಣಗಳನ್ನು ಹುಡುಗಿ ತಡವರಿಸದೆ ಒಪ್ಪಿಸುತ್ತಾಳೆ. ಆದರೆ ನೀರು ಕುಡಿಯುವ ಚೆಂಬು ಯಾವ ಲೋಹದ್ದು ಎಂದು ಕೇಳಿದರೆ ನನ್ನ ಮುಖ ನೋಡುತ್ತಾಳೆ. ನನಗೆ ಸಂಕಟವಾಗುವುದು ಅಲ್ಲೇ. ಅದಕ್ಕಾಗಿಯೇ ಈ ಜಗಲಿ ಶಾಲೆ.

ಬಕೆಟ್‌ನಲ್ಲಿ ನಡೆಯುತ್ತಿರುವುದನ್ನು ನೀವೇ ನೋಡಿ. ನೀರಿನ ಬಾಟಲಿಯ ತುಂಡು ಮುಳುಗಿತು, ಅದರ ಮುಚ್ಚಳ ತೇಲಿತು. ಮಕ್ಕಳಿಗೆ ಎರಡೂ ಬರೀ ‘ಪ್ಲಾಸ್ಟಿಕ್’. ಬಾಟಲಿ ಪೆಟ್ (PET) ಎಂಬ ಬಗೆಯ ಪ್ಲಾಸ್ಟಿಕ್, ಒಂದು ಘನ ಸೆಂಟಿಮೀಟರಿಗೆ ಸುಮಾರು 1.38 ಗ್ರಾಂ ತೂಗುತ್ತದೆ, ಆದ್ದರಿಂದ ನೀರಿಗಿಂತ ಭಾರ. ಮುಚ್ಚಳ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್, ಎರಡೂ ನೀರಿಗಿಂತ ಹಗುರ. ಬಾಟಲಿಯ ತಳದ ತ್ರಿಕೋನದಲ್ಲಿ 1 ಎಂಬ ಅಂಕಿ ಇರುತ್ತದೆ. ಅದು ಪೆಟ್‌ನ ಗುರುತು. ಹುಡುಗ ಈಗ ಮನೆಯ ಡಬ್ಬಿಗಳನ್ನೆಲ್ಲ ಮಗುಚಿ ಅಂಕಿ ಓದುತ್ತಿದ್ದಾನೆ. ಓದಲಿ.

ಈಗ ಈ ರಟ್ಟಿನ ಡಬ್ಬಿಯ ವಿಷಯ. ಇದನ್ನು ಹೇಳದೆ ನನಗೆ ಮುಂದೆ ಹೋಗಲಾಗುವುದಿಲ್ಲ. ‘ವಸ್ತುಗಳನ್ನು ಅರಿಯೋಣ’ ಎಂಬ ಧಾಟಿಯ ಒಂದು ಕಿಟ್, ಬೆಲೆ 850 ರೂಪಾಯಿ. ಒಳಗೆ ಒಂದು ಮೊಳೆ, ಮರದ ತುಂಡು, ರಬ್ಬರ್, ಗಾಜಿನ ಗೋಲಿ, ಹತ್ತಿ, ಒಂದು ಮಸೂರ, ಒಂದು ಅಯಸ್ಕಾಂತ, ಮತ್ತೆ ಲೋಹದ ಪಟ್ಟಿಗಳು. ಮೊಳೆಗೆ, ಹತ್ತಿಗೆ ಯಾರಾದರೂ ದುಡ್ಡು ಕೊಟ್ಟು ಡಬ್ಬಿ ತರಿಸುತ್ತಾರೆಯೇ? ನಾನು ತರಿಸಿದ್ದು ತಾಮ್ರದ ಪಟ್ಟಿಗಾಗಿ. ಜೊತೆಯ ಪುಸ್ತಿಕೆ ಅದಕ್ಕೆ ಒಂದೇ ಪರೀಕ್ಷೆ ಹೇಳುತ್ತದೆ: ಬ್ಯಾಟರಿ, ತಂತಿ, ಪುಟ್ಟ ಬಲ್ಬು. ಬಲ್ಬು ಹೊತ್ತಿತು. ಚಿಕ್ಕವನು ಅಷ್ಟಕ್ಕೆ ಬಿಡಲಿಲ್ಲ, ಅಯಸ್ಕಾಂತವನ್ನು ಹತ್ತಿರ ಹಿಡಿದ. ಟಕ್ ಎಂದು ಅಂಟಿಕೊಂಡಿತು!

“ಚಿಕ್ಕಮ್ಮಾ, ತಾಮ್ರ ಅಂಟುವುದಿಲ್ಲ ಎಂದು ನೀವೇ ಹೇಳಿದ್ದಲ್ಲವಾ?”

ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಸ್ಯಾಂಡ್ ಪೇಪರ್ ತಂದು ಉಜ್ಜಿದೆವು. ಕೆಂಪು ಬಣ್ಣ ಹೋಗಿ ಕೆಳಗೆ ಬೆಳ್ಳಗಿನ ಲೋಹ ಕಾಣಿಸಿತು. ಉಕ್ಕಿನ ತಗಡಿಗೆ ತಾಮ್ರದ ತೆಳು ಲೇಪ! ಉಕ್ಕಿನಲ್ಲಿಯೂ ವಿದ್ಯುತ್ ಹರಿಯುತ್ತದೆ, ಹಾಗಾಗಿ ಪುಸ್ತಿಕೆಯ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದೇ ಇಲ್ಲ. ಉಜ್ಜಿದ ಪಟ್ಟಿಯನ್ನು ರಾತ್ರಿ ಉಪ್ಪುನೀರಿನಲ್ಲಿ ಇಟ್ಟೆವು. ಬೆಳಗ್ಗೆ ಹೀಗೆ ತುಕ್ಕು ಹಿಡಿದಿತ್ತು. ತಾಮ್ರಕ್ಕೆ ಹಸಿರು ಕಿಲುಬು ಬರುತ್ತದೆ, ಈ ಕೆಂಗಂದು ತುಕ್ಕು ಕಬ್ಬಿಣದ್ದು. ಮಾರಿದವರಿಗೆ ಫೋನ್ ಮಾಡಿದರೆ, “ಮಕ್ಕಳ ಸಾಮಾನಲ್ಲವೇ ಮೇಡಂ, ಬಣ್ಣ ನೋಡಿ ಕಲಿತರೆ ಸಾಕು” ಎಂದರು. ಸಾಲದು. ದೊಡ್ಡವರಿಗೆ ಸುಳ್ಳು ತಾಮ್ರ ಮಾರಿದರೆ ಜಗಳವಾಗುತ್ತದೆ, ಮಕ್ಕಳಿಗೆ ಮಾರಿದರೆ ಪಾಠವಾಗುತ್ತದೆಯೇ? ಪಾಠದ ಹೆಸರಿನಲ್ಲಿ ಕೊಡುವ ವಸ್ತು ಎಲ್ಲಕ್ಕಿಂತ ಅಸಲಿಯಾಗಿರಬೇಕು.

ಡಬ್ಬಿಯಲ್ಲಿರುವ ಮಸೂರ ಮಾತ್ರ ಚೆನ್ನಾಗಿದೆ. ಅದನ್ನು ಒಪ್ಪುತ್ತೇನೆ.

ಆಮೇಲೆ ಅಯಸ್ಕಾಂತ ಮನೆಯಿಡೀ ತಿರುಗಿತು. ಸ್ಟೀಲ್ ಲೋಟಕ್ಕೆ ಅಂಟಲಿಲ್ಲ, ಇಂಡಕ್ಷನ್ ಒಲೆಯ ಕುಕ್ಕರಿನ ತಳಕ್ಕೆ ಅಂಟಿತು. ತುಕ್ಕು ಹಿಡಿಯದ ಉಕ್ಕಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುತ್ತದೆ, ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ನಿಕ್ಕೆಲ್ ಸಾಕಷ್ಟು ಸೇರಿದ್ದರೆ ಸಾಮಾನ್ಯವಾಗಿ ಅಯಸ್ಕಾಂತ ಹಿಡಿಯುವುದಿಲ್ಲ. ಇನ್ನು ಹಳೆಯ ದಪ್ಪ ಐದು ರೂಪಾಯಿ ನಾಣ್ಯ: ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕೆಲ್. ಬಿಡಿ ನಿಕ್ಕೆಲ್ ಅಯಸ್ಕಾಂತಕ್ಕೆ ಅಂಟುತ್ತದೆ, ತಾಮ್ರದೊಡನೆ ಹೀಗೆ ಬೆರೆತರೆ ಅಂಟುವುದಿಲ್ಲ. ಅದರ ಪಕ್ಕದ ಒಂದು ರೂಪಾಯಿ ನೋಡಿ, ಕಬ್ಬಿಣ ಮತ್ತು ಕ್ರೋಮಿಯಂನದ್ದು, ಓಡಿ ಬಂದು ಅಂಟುತ್ತದೆ. ದೇವರ ಕೋಣೆಯ ಹಿತ್ತಾಳೆ ದೀಪ, ಕಂಚಿನ ಉರುಳಿ, ಎರಡೂ ಅಂಟಲಿಲ್ಲ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಅವೆರಡನ್ನು ಬೇರ್ಪಡಿಸಿ ಹೇಳಲು ಅಯಸ್ಕಾಂತದಿಂದಾಗದು. ಅಮ್ಮ ಬೆರಳಲ್ಲಿ ಬಡಿದು ನಾದ ಕೇಳಿಯೇ ಹೇಳಿದರು.

ಹಿಂದೆ ಕಾಣುವ ಗೋಡೆ ಮುರಕಲ್ಲಿನದ್ದು. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಹೇರಳವಾಗಿರುವ ಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಒಣಗಿದ ಮೇಲೆ ಗಟ್ಟಿ. 1807ರಲ್ಲಿ ಫ್ರಾನ್ಸಿಸ್ ಬುಕನನ್ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು ನಮ್ಮದೇ ಕೇರಳದ ಅಂಗಾಡಿಪ್ಪುರಂನಲ್ಲಿ ಕಂಡು. ಬೇಕಲ ಕೋಟೆಯೂ ಇದರದ್ದೇ. ನಮ್ಮ ಗುಡ್ಡಗಳಲ್ಲಿ ಇದನ್ನೇ ಅಡ್ಡಲಾಗಿ ಕೊರೆದು ಸುರಂಗ ಮಾಡಿ ನೀರು ತರುತ್ತಾರೆ. ನಮ್ಮ ತೋಟದ ಮೇಲೂ ಒಂದಿದೆ, ಒಳಗೆ ಬಾವಲಿಗಳು... ಅದು ಇನ್ನೊಂದು ವಿಡಿಯೋಗಾಯಿತು, ಸುಣ್ಣದ ತಟ್ಟೆ ಬಂತು.

ಇದು ಅಜ್ಜನ ವೀಳ್ಯದ ಹರಿವಾಣದಿಂದ ತೆಗೆದ ಸುಣ್ಣ. ಅರಿಶಿನದ ನೀರಿಗೆ ಚೂರು ಹಾಕಿದ ಕೂಡಲೇ ರಕ್ತಗೆಂಪು. ಮಕ್ಕಳು ಒಟ್ಟಿಗೆ “ಕುರುದಿ!” ಎಂದು ಕೂಗಿದರು, ಅರಿಶಿನ-ಸುಣ್ಣದ ಕೆಂಪು ನೀರಿಗೆ ನಮ್ಮಲ್ಲಿ ಅದೇ ಹೆಸರು. ನಿಂಬೆರಸ ಬಿದ್ದಾಗ ಮತ್ತೆ ಹಳದಿ. ಸುಣ್ಣ ಕ್ಷಾರ, ನಿಂಬೆ ಆಮ್ಲ, ಅರಿಶಿನ ಎರಡರ ನಡುವಿನ ಸಾಕ್ಷಿ. ಅಜ್ಜ ಚಿಕ್ಕವರಿದ್ದಾಗ ಮರುವಾಯಿ ಚಿಪ್ಪು, ಅಂದರೆ ಕಪ್ಪೆಚಿಪ್ಪು, ಸುಟ್ಟು ಸುಣ್ಣ ಮಾಡುವುದನ್ನು ನೋಡಿದ್ದರು. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖಕ್ಕೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣವಾಗುತ್ತದೆ, ನೀರು ಹಾಕಿದರೆ ಕುದಿದು ಅರಳುತ್ತದೆ. ಸುಟ್ಟ ಸುಣ್ಣವನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಅರಳಿದ ಸುಣ್ಣವೂ ಕಣ್ಣಿಗೆ ಬಿದ್ದರೆ ಅಪಾಯ. ಇಲ್ಲಿ ಚಮಚ ಹಿಡಿದಿರುವುದು ನಾನೇ. ಮಕ್ಕಳ ಪಾಲಿಗೆ ಚಿಪ್ಪಿನ ಮೇಲೆ ವಿನೆಗರ್, ಗುಳ್ಳೆ ನೋಡುವ ಕೆಲಸ.

ಕಿಟ್ ಕೊಳ್ಳಲೇಬೇಡಿ ಎನ್ನುವ ಆವೇಶ ನಿನ್ನೆ ಇತ್ತು. ಇವತ್ತು ಹೇಳುವುದು: ಕೊಳ್ಳುವುದಾದರೆ ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ, ಅವರ ಎದುರೇ ಅಯಸ್ಕಾಂತ ಹಿಡಿಯಿರಿ. ಸಂಜೆ ಅದೇ ಅಂಗಡಿಯವರು ಬೇರೆ ಪಟ್ಟಿ ಕಳಿಸುತ್ತೇವೆ ಎಂದಿದ್ದಾರೆ. ಬಂದ ಕೂಡಲೇ ನಿಮ್ಮ ಮುಂದೆಯೇ ಉಜ್ಜುತ್ತೇವೆ, ಹುಡುಗಿ ಸ್ಯಾಂಡ್ ಪೇಪರನ್ನು ಎತ್ತಿಟ್ಟುಕೊಂಡಿದ್ದಾಳೆ. ನಿಮ್ಮ ಮನೆಯಲ್ಲಿ ಇಂಥ ಡಬ್ಬಿಯಿದ್ದರೆ ಪರೀಕ್ಷೆ ಮಾಡಿ, ಅಂಟಿತೋ ಇಲ್ಲವೋ ಕೆಳಗೆ ಬರೆಯಿರಿ.