ಸ್ವಿಚ್ ಆರಿಸುವ ಮುನ್ನ ದೀಪ ನೋಡಿ

ಕೇಳುಗರಿಗೆ ನಮಸ್ಕಾರ.

ಮನೆಯ ವೈ-ಫೈ ಪೂರ್ತಿ ನಿಂತುಹೋದರೆ ಅದು ಸುಲಭದ ತೊಂದರೆ. ಕಂಪನಿಗೆ ಫೋನ್ ಮಾಡಿದರೆ ಹುಡುಗ ಬರುತ್ತಾನೆ, ತುಂಡಾದ ಕೇಬಲ್ ಕೂಡಿಸಿ ಹೋಗುತ್ತಾನೆ. ತಲೆ ತಿನ್ನುವುದು ಆಗಾಗ ಹೋಗಿ ಆಗಾಗ ಬರುವ ಸಂಪರ್ಕ. ಮಗಳ ಆನ್‌ಲೈನ್ ಪಾಠ ನಡುವೆ ನಿಲ್ಲುತ್ತದೆ, ಪುಣೆಯಲ್ಲಿರುವ ಮಗನ ವಿಡಿಯೊ ಕರೆ ಅರ್ಧ ಮಾತಿಗೇ ಕಡಿದುಹೋಗುತ್ತದೆ. ರಿಪೇರಿಯವನು ಬಂದು ನಿಂತಾಗ ಮಾತ್ರ ಎಲ್ಲವೂ ಸರಿಯಾಗಿರುತ್ತದೆ. ಬೆಳಗಾವಿಯಲ್ಲಿ ಮನೆ ಮನೆಗೆ ಹೋಗಿ ಇಂಥ ಸಂಪರ್ಕಗಳನ್ನು ಸರಿಪಡಿಸುವುದೇ ನನ್ನ ಕೆಲಸ. ಹಾಗಾಗಿ ಆ ಮುಜುಗರ ನನಗೆ ಚೆನ್ನಾಗಿ ಗೊತ್ತು.

ಸಂಪರ್ಕ ಹೋದ ಕೂಡಲೇ ಎಲ್ಲರೂ ಮಾಡುವುದು ಒಂದೇ: ರೌಟರ್‌ನ ಸ್ವಿಚ್ ಆರಿಸಿ ಮತ್ತೆ ಹಾಕುವುದು. ಬಹಳ ಸಲ ಅದರಿಂದ ಸಂಪರ್ಕ ಮರಳಿ ಬರುತ್ತದೆ, ನಿಜ. ಆದರೆ ಅದರೊಂದಿಗೆ ದೋಷದ ಗುರುತೂ ಅಳಿಸಿಹೋಗುತ್ತದೆ, ನಾಳೆ ಅದೇ ಕಥೆ. ಆದ್ದರಿಂದ ನನ್ನದೊಂದೇ ಕೋರಿಕೆ. ಸ್ವಿಚ್ಚಿಗೆ ಕೈ ಹಾಕುವ ಮುನ್ನ ಅರ್ಧ ನಿಮಿಷ ರೌಟರ್ ಮುಂದೆ ನಿಂತು ದೀಪಗಳನ್ನು ನೋಡಿ. ಹೊತ್ತೆಷ್ಟು, ಯಾವ ದೀಪ ಯಾವ ಬಣ್ಣದಲ್ಲಿತ್ತು ಎಂಬುದನ್ನು ಕ್ಯಾಲೆಂಡರ್‌ನ ಅಂಚಿನಲ್ಲಾದರೂ ಬರೆದಿಡಿ.

ದೀಪ ಅರ್ಥವಾಗದಿದ್ದರೆ ಇನ್ನೂ ಒಂದು ದಾರಿಯಿದೆ. ಹೆಚ್ಚಿನ ರೌಟರ್‌ಗಳಲ್ಲಿ, ಫೋನಿನ ಬ್ರೌಸರ್‌ನಲ್ಲಿ 192.168.1.1 ಎಂದು ಬರೆದರೆ ರೌಟರ್‌ನದೇ ಪುಟ ತೆರೆಯುತ್ತದೆ. ಕೆಲವದರಲ್ಲಿ ಈ ಸಂಖ್ಯೆ ಬೇರೆ ಇರುತ್ತದೆ, ಪೆಟ್ಟಿಗೆಯ ತಳದ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ರೌಟರ್ ಎಷ್ಟು ಹೊತ್ತಿನಿಂದ ಚಾಲೂ ಇದೆ, ಹೊರಗಿನ ಲೈನ್ ಎಷ್ಟು ಹೊತ್ತಿನಿಂದ ಕೂಡಿಕೊಂಡಿದೆ ಎಂಬುದು ಬಹಳಷ್ಟು ರೌಟರ್‌ಗಳ ಆ ಪುಟದಲ್ಲಿ ಸಿಗುತ್ತದೆ. ರೌಟರ್‌ನದೇ ಗಡಿಯಾರ ಈಗಷ್ಟೇ ಸೊನ್ನೆಯಿಂದ ಶುರುವಾಗಿದ್ದರೆ ರೌಟರ್ ತಾನೇ ಆರಿ ಹತ್ತಿದೆ, ಅನುಮಾನ ಹೋಗಬೇಕಾದ್ದು ಕರೆಂಟಿನ ಕಡೆ. ರೌಟರ್ ಮೂರು ದಿನದಿಂದ ಓಡುತ್ತಿದ್ದು ಲೈನ್ ಮಾತ್ರ ಹೊಸದಾಗಿ ಕೂಡಿದ್ದರೆ ತಪ್ಪು ಬಹುಪಾಲು ಹೊರಗಿನ ಕೇಬಲ್‌ನಲ್ಲಿದೆ. ಎರಡೂ ಅಲುಗದೆ ಓಡುತ್ತಿದ್ದು ನಿಮ್ಮ ಫೋನಿಗಷ್ಟೇ ಸಂಪರ್ಕ ತಪ್ಪಿದ್ದರೆ ಮನೆಯೊಳಗೆ ಗಾಳಿಯಲ್ಲಿ ಸಾಗುವ ವೈ-ಫೈ ಅಲೆಯಲ್ಲೋ ಫೋನಿನಲ್ಲೋ ಹುಡುಕಬೇಕು.

ಮೊದಲು ಕರೆಂಟು. ಖಾಸಬಾಗ, ವಡಗಾವಿ ಕಡೆ ವಿದ್ಯುತ್ ಮಗ್ಗಗಳಿರುವ ಓಣಿಗಳ ಕೇಳುಗರು ಇದನ್ನು ಗಮನವಿಟ್ಟು ಕೇಳಬೇಕು. ಅಂಥ ಒಂದು ಮನೆಯಲ್ಲಿ ದಿನಾ ಬೆಳಿಗ್ಗೆ ಮತ್ತು ಊಟದ ನಂತರ ಸಂಪರ್ಕ ಕಡಿಯುತ್ತಿತ್ತು. ಮನೆಯವರು ಮೂರು ಕಂಪನಿ ಬದಲಿಸಿದ್ದರು. ಅವರು ಬರೆದಿಟ್ಟ ಹೊತ್ತುಗಳನ್ನು ನೋಡಿದರೆ, ಪಕ್ಕದ ಮಗ್ಗಗಳನ್ನು ಚಾಲೂ ಮಾಡುವ ಹೊತ್ತುಗಳೇ ಅವು. ಮೋಟಾರು ಶುರುವಾಗುವಾಗ ತಾನು ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಫ್ಯಾನ್ ಕೊಂಚ ಸೊರಗಿ ಚೇತರಿಸಿಕೊಳ್ಳುತ್ತದೆ, ಆದರೆ ರೌಟರ್ ಆರಿ, ಮತ್ತೆ ಹತ್ತಿ, ಲೈನ್ ಕೂಡಿಕೊಳ್ಳಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಆ ಮನೆಗೆ ಬೇಕಾಗಿದ್ದುದು 12 ವೋಲ್ಟಿನ ಪುಟ್ಟ ಯುಪಿಎಸ್ ಒಂದೇ. ಕಂಪನಿ ಬದಲಿಸಿದ ಹಣದಲ್ಲಿ ಅಂಥವು ನಾಲ್ಕು ಬರುತ್ತಿದ್ದವು ಎಂದು ಮನೆಯ ಹಿರಿಯರು ಗೊಣಗಿದ್ದು ಬೇರೆ ಮಾತು.

ಮಗ್ಗವಿಲ್ಲದ ಮನೆಯಲ್ಲೂ ರೌಟರ್ ಹೀಗೆ ಆರಿ ಹತ್ತುತ್ತಿದ್ದರೆ ಅದರ ಅಡಾಪ್ಟರ್ ಮುಟ್ಟಿ ನೋಡಿ. ತೀರಾ ಬಿಸಿಯಿದ್ದರೆ ಅನುಮಾನ ಅದರ ಮೇಲೆಯೇ, ಏಕೆಂದರೆ ಒಳಗಿನ ಕೆಪಾಸಿಟರ್ ಎಂಬ ಬಿಡಿಭಾಗಗಳು ಬಿಸಿಗೆ ವರ್ಷಗಳಲ್ಲಿ ಸವೆಯುತ್ತವೆ. ಹೊಸದನ್ನು ತರುವಾಗ ವೋಲ್ಟ್ ಅಷ್ಟೇ ಇರಲಿ, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರದಿರಲಿ, ಪಿನ್ ಸರಿಯಾಗಿ ಕೂರಲಿ.

ಇನ್ನು ಹೊರಗಿನ ಲೈನ್. ಈಗ ಹೆಚ್ಚಿನ ಮನೆಗಳಿಗೆ ಬಂದಿರುವುದು ಗಾಜಿನ ಎಳೆ, ಅಂದರೆ ಫೈಬರ್. ಅದರಲ್ಲಿ ಹರಿಯುವುದು ಕರೆಂಟಲ್ಲ, ಬೆಳಕು. ಎಳೆಯನ್ನು ಕಿಟಕಿಯ ಮೂಲೆಯಲ್ಲಿ ಬಿಗಿಯಾಗಿ ಮಡಚಿದರೆ ಬೆಳಕು ಆ ಬಾಗಿನಲ್ಲಿ ಸೋರಿಹೋಗುತ್ತದೆ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗಿದರೆ ಪೆಟ್ಟಿಗೆಗೆ ಬೆಳಕು ತಲುಪುತ್ತಿಲ್ಲ ಎಂದೇ ಅರ್ಥ. ನೀವು ಎಷ್ಟು ಸಲ ಸ್ವಿಚ್ ಆರಿಸಿದರೂ ಪ್ರಯೋಜನವಿಲ್ಲ. ಕಂಪನಿಯವನು ಬಂದಾಗ ಬೆಳಕಿನ ಶಕ್ತಿಯನ್ನು ಮೀಟರ್ ಹಚ್ಚಿ ಅಳೆಯಲು ಹೇಳಿ. ಆ ಅಳತೆಯ ಮಾನ ಡಿಬಿಎಂ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಸಾಮಾನ್ಯವಾಗಿ ಮೈನಸ್ 27 ಎಂಬುದು ಅಂಚು. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಅಂಚಿನ ಸಮೀಪವಿದ್ದರೆ ಒಂದು ದಿನ ನಡೆದು ಇನ್ನೊಂದು ದಿನ ನಿಲ್ಲುತ್ತದೆ, ಆಗ ಕನೆಕ್ಟರ್ ಒರೆಸಿ ಅಥವಾ ಜೋಡಣೆ ಹೊಸದಾಗಿ ಮಾಡಿ ಕೊಡುವವರೆಗೆ ಅವನನ್ನು ಬಿಡಬೇಡಿ. ಬಿಚ್ಚಿದ ಎಳೆಯ ತುದಿಯನ್ನು ಮಾತ್ರ ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿರುವುದು ಕಣ್ಣಿಗೆ ಕಾಣದ ಲೇಸರ್.

ಕರೆಂಟು ಸರಿ, ಲೈನೂ ಸರಿ ಎಂದಾದರೆ ಉಳಿಯುವುದು ಗಾಳಿ. ನನ್ನ ಕೆಲಸದಲ್ಲಿ ನನಗೆ ಪ್ರಿಯವಾದ ಭಾಗ ಇದು, ಏಕೆಂದರೆ ವೈ-ಫೈ ಕೂಡ ರೇಡಿಯೊವೇ. ಮಧ್ಯಮ ತರಂಗದ ನಿಲಯಗಳ ಅಲೆಗಳು ನೂರಾರು ಮೀಟರ್ ಉದ್ದದವು, ಊರು ದಾಟಿ ಹೋಗುತ್ತವೆ. ವೈ-ಫೈ ಅಲೆಗಳು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಓಡುತ್ತವೆ: 2.4 ಗಿಗಾಹರ್ಟ್ಸ್‌ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಅದರ ಅರ್ಧ. ಅವುಗಳ ಬಲವೂ ಅಲ್ಪ. ನಮ್ಮ ಹಳೆಯ ಮನೆಗಳ ಮೊಳದಗಲದ ಜಂಬಿಟ್ಟಿಗೆ ಗೋಡೆ ಎರಡು ಅಡ್ಡ ಬಂದರೆ ಸುಸ್ತಾಗುತ್ತವೆ, 5 ಗಿಗಾಹರ್ಟ್ಸ್ ಅಂತೂ ಇನ್ನೂ ಬೇಗ. ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಇನ್ನಷ್ಟು ನುಂಗುತ್ತದೆ. ಅಲೆಗೆ ಕಬ್ಬಿಣದ ಕಪಾಟು, ಮಾಳಿಗೆಯ ತಗಡು ದಾಟಲು ಬರುವುದೇ ಇಲ್ಲ, ಬದಿಯಿಂದ ಸುತ್ತಿ ಬಂದಷ್ಟೇ ಲಾಭ. ಆದರೂ ಟಿವಿಯ ಹಿಂದೆ, ಫ್ರಿಜ್ಜಿನ ಪಕ್ಕ, ಬೀಗ ಹಾಕಿದ ಶೋಕೇಸಿನೊಳಗೆ ರೌಟರ್ ಇಡುವವರನ್ನು ನಾನು ಈಗಲೂ ನೋಡುತ್ತೇನೆ. ಪಡಸಾಲೆಯ ನಡುವೆ, ತಲೆಯ ಎತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇಡಿ. ಉದ್ದನೆಯ ಆಂಟೆನಾ ಅಲೆಯನ್ನು ಚೆಲ್ಲುವುದು ತುದಿಯಿಂದಲ್ಲ, ಪಕ್ಕಗಳಿಂದ. ಮೇಲಿನ ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ. ಫೋನಿನ ಹಿಂದೆ ಅಂಟಿಸುವ ಸಿಗ್ನಲ್ ಸ್ಟಿಕ್ಕರ್‌ಗೆ ದಯವಿಟ್ಟು ದುಡ್ಡು ಹಾಕಬೇಡಿ.

ಗೋಡೆಯ ತೊಂದರೆ ಜಾಗಕ್ಕೆ ಅಂಟಿಕೊಂಡಿರುತ್ತದೆ, ನೆರೆಹೊರೆಯ ತೊಂದರೆ ಹೊತ್ತಿಗೆ. ರಾತ್ರಿ ರೇಡಿಯೊದಲ್ಲಿ ನಿಮ್ಮ ನಿಲಯದ ಮೇಲೆ ದೂರದ ಇನ್ನೊಂದು ನಿಲಯ ಏರಿ ಬಂದು ಎರಡೂ ಕೇಳದಂತಾಗುತ್ತದಲ್ಲ, ಇಲ್ಲಿಯೂ ಅದೇ ಪಾಡು. 2.4 ಗಿಗಾಹರ್ಟ್ಸ್‌ನಲ್ಲಿ 13 ಚಾನೆಲ್‌ಗಳಿದ್ದರೂ ಅವುಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದೊಂದೂ ಹರಡುವುದು ಸುಮಾರು 20. ಹೀಗಾಗಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವವು 1, 6 ಮತ್ತು 11, ಈ ಮೂರು. ಟಿಳಕವಾಡಿಯ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ಮನೆ ಈ ಮೂರನ್ನು ಹಂಚಿಕೊಂಡರೆ ಸಂಜೆ ಏಳರ ನಂತರ ಏನಾಗುತ್ತದೆಂದು ಊಹಿಸಿ. ಮೈಕ್ರೊವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲೇ. ಚಹಾ ಬಿಸಿ ಮಾಡುವ ಎರಡು ನಿಮಿಷ ಮಾತ್ರ ಸಂಪರ್ಕ ಹೋದರೆ ಅಪರಾಧಿ ಅಡುಗೆಮನೆಯಲ್ಲಿದೆ. ಹತ್ತಿರವಿರುವ ಟಿವಿ, ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಸಾಗಿಸುವುದು ಇದಕ್ಕೆ ಸರಳ ಉತ್ತರ.

ಅಲ್ಲೂ ಒಂದು ವಿಚಿತ್ರವಿದೆ. 5 ಗಿಗಾಹರ್ಟ್ಸ್‌ನ 52ರಿಂದ 144ರವರೆಗಿನ ಚಾನೆಲ್‌ಗಳ ಭಾಗವನ್ನು ರಾಡಾರ್‌ಗಳೂ ಬಳಸುತ್ತವೆ. ಅಲ್ಲಿ ಕೂತ ರೌಟರ್‌ಗೆ ರಾಡಾರ್‌ನ ಸುಳಿವು ಸಿಕ್ಕರೆ ಅದು ಜಾಗ ಬಿಟ್ಟು ಹಾರುತ್ತದೆ. ಇಂಥದೇ ಇನ್ನೊಂದು ಚಾನೆಲ್‌ಗೆ ಹೋದರೆ ಕನಿಷ್ಠ 60 ಸೆಕೆಂಡು ಸುಮ್ಮನೆ ಆಲಿಸಿ, ಆಮೇಲೆ ಕೆಲಸ ಶುರು ಮಾಡುತ್ತದೆ. ಹಾಗೆಂದು ಸಾಂಬ್ರಾ ಕಡೆಯವರು ವಿಮಾನ ನಿಲ್ದಾಣವನ್ನು ದೂರಬೇಡಿ, ರೌಟರ್ ಸುಳ್ಳು ಸುಳಿವಿಗೂ ಹಾರುವುದುಂಟು. ರೌಟರ್‌ನ ಪುಟದಲ್ಲಿ ಚಾನೆಲ್ 36ರಿಂದ 48ರೊಳಗೆ ಒಂದನ್ನು ನೀವೇ ಆಯ್ದಿಟ್ಟರೆ ಈ ಕಾಟ ತಪ್ಪುತ್ತದೆ.

ಮನೆಯಲ್ಲಿ ಒಂದೇ ಫೋನಿಗೆ ತೊಂದರೆ ಇದ್ದರೆ ರೌಟರ್ ತಂಟೆಗೆ ಹೋಗಬೇಡಿ. ಫೋನಿನಿಂದ ಆ ವೈ-ಫೈ ಹೆಸರನ್ನು ಅಳಿಸಿ ಮತ್ತೆ ಕೂಡಿಸಿ. ಸಿಗ್ನಲ್ ಕುಂದಿದ ಕೂಡಲೇ ತಾನಾಗಿ ಮೊಬೈಲ್ ಡೇಟಾಕ್ಕೆ ಜಿಗಿಯುವ ಆಯ್ಕೆ ಕೆಲವು ಫೋನ್‌ಗಳಲ್ಲಿರುತ್ತದೆ, ಅದನ್ನು ನಿಲ್ಲಿಸಿ.

ಕೊನೆಯದಾಗಿ, ಉದ್ದನೆಯ ಹಳೆಯ ಮನೆಯವರಿಗೆ. ಮುಂಬಾಗಿಲಲ್ಲಿ ರೌಟರ್, ಹಿತ್ತಲ ಕೋಣೆಯಲ್ಲಿ ಓದುವ ಮಗು ಎಂದಾದರೆ ನಡುವೆ ಸಿಗ್ನಲನ್ನು ಹಿಡಿದು ಮುಂದೆ ದಾಟಿಸುವ ಅಗ್ಗದ ರಿಪೀಟರ್ ಸಿಕ್ಕಿಸುವುದಕ್ಕಿಂತ ಒಂದು ಲ್ಯಾನ್ ಕೇಬಲ್ ಎಳೆಸಿ, ಹಿತ್ತಲಲ್ಲಿ ಇನ್ನೊಂದು ರೌಟರ್ ಇಡುವುದು ಮೇಲು. ಆ ಕೇಬಲ್ 100 ಮೀಟರ್‌ವರೆಗೆ ತಕರಾರಿಲ್ಲದೆ ನಡೆಯುತ್ತದೆ. ಎರಡನೆಯ ರೌಟರ್‌ನ ಸಂಖ್ಯೆಯನ್ನು ಮೊದಲನೆಯದಕ್ಕಿಂತ ಬೇರೆ ಮಾಡಿ, ಮೊದಲನೆಯದು 192.168.1.1 ಆಗಿದ್ದರೆ ಇದನ್ನು 192.168.1.2 ಎಂದಿಡಬಹುದು, ಅದರಲ್ಲಿ ಫೋನ್, ಲ್ಯಾಪ್‌ಟಾಪ್‌ಗಳಿಗೆ ಇಂಥ ಸಂಖ್ಯೆ ಹಂಚುವ ಡಿಎಚ್‌ಸಿಪಿ ಎಂಬುದನ್ನು ನಿಲ್ಲಿಸಿ, ಕೇಬಲನ್ನು ಅದರ ಲ್ಯಾನ್ ಕಿಂಡಿಗೇ ಚುಚ್ಚಿ. ಈ ಮೂರರಲ್ಲಿ ಒಂದು ತಪ್ಪಿದರೂ ಎರಡು ರೌಟರ್‌ಗಳು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬಂದು, ನೀವು ಹಣ ಕೊಟ್ಟು ಹೊಸ ತೊಂದರೆ ತಂದುಕೊಂಡಂತಾಗುತ್ತದೆ.

ನಮಸ್ಕಾರ.