ದುರ್ಗವೋ ದಾವಣಗೆರೆಯೋ? ಮನೆ ಮಾಡುವ ಮೊದಲು ಒಂದು ಮಾತು

(ದೃಶ್ಯ: ಬೆಳಗಿನ ಬಸ್ಸಿನ ಕಿಟಕಿ. ಹೆದ್ದಾರಿ, ಭರಮಸಾಗರದ ಬೋರ್ಡು ಹಿಂದೆ ಸರಿಯುತ್ತದೆ.)

ನಮಸ್ಕಾರ. ದುರ್ಗದಿಂದ, ಅಂದರೆ ನಮ್ಮ ಚಿತ್ರದುರ್ಗದಿಂದ, ದಾವಣಗೆರೆಗೆ ಸುಮಾರು 60 ಕಿಲೋಮೀಟರ್. ಬಸ್ಸು ಹತ್ತಿ ಕೂತರೆ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಊರು ಬಂದಿರುತ್ತದೆ. ಆದರೆ ಮನೆ ಮಾಡುವ ಮಾತು ಬಂದಾಗ ಈ 60 ಕಿಲೋಮೀಟರ್ ಗಂಡ ಹೆಂಡತಿ ನಡುವೆ, ಅತ್ತೆ ಸೊಸೆ ನಡುವೆ ಎಷ್ಟು ಜಗಳ ತಂದಿಟ್ಟಿದೆಯೋ ಲೆಕ್ಕವಿಲ್ಲ. ಒಬ್ಬರಿಗೆ ಇಲ್ಲಿ ಕೆಲಸ, ಇನ್ನೊಬ್ಬರಿಗೆ ಅಲ್ಲಿ. ನಿವೃತ್ತಿ ಹಣ ಕೈಗೆ ಬಂದಿದೆ, ಸೈಟು ಎಲ್ಲಿ ತಗೊಳ್ಳೋದು? ಮಗಳು ಪಿಯುಸಿಗೆ ಬಂದಿದ್ದಾಳೆ, ಊರು ಬಿಡೋದಾ ಬೇಡ್ವಾ?

ನಾನು ಹುಟ್ಟಿ ಬೆಳೆದಿದ್ದು ದುರ್ಗದ ದೊಡ್ಡಪೇಟೆಯಲ್ಲಿ. ಎಂಟು ವರ್ಷದಿಂದ ಇರುವುದು ದಾವಣಗೆರೆಯಲ್ಲಿ. ಎರಡೂ ಊರಿನ ನೀರು ಕುಡಿದಿದ್ದೇನೆ. ಆ ನೀರಿನ ಮಾತನ್ನು ಆಮೇಲೆ ಬಿಡಿಸಿ ಹೇಳುತ್ತೇನೆ, ಅದೇ ಮುಖ್ಯ.

(ದೃಶ್ಯ: ಒಂದು ಕಡೆ ಕೋಟೆಯ ಬಾಗಿಲು, ಇನ್ನೊಂದು ಕಡೆ ಮಂಡಿಪೇಟೆಯ ಅಂಗಡಿ ಸಾಲು.)

ಮೊದಲು ಈ ಪೈಪೋಟಿ ಎಲ್ಲಿಂದ ಬಂತು ನೋಡೋಣ. 1997ರ ಆಗಸ್ಟ್ 15ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಡಿಸಿ ಆಫೀಸಿನ ಕೆಲಸವಿದ್ದರೆ ದಾವಣಗೆರೆಯವರು ಕಾಗದದ ಕಟ್ಟು ಹಿಡಿದು ದುರ್ಗಕ್ಕೆ ಬರಬೇಕಿತ್ತು. ಮದುವೆ ಜವಳಿಗೆ, ದೊಡ್ಡ ಡಾಕ್ಟರಿಗೆ, ಕಾಲೇಜಿಗೆ ನಾವು ದುರ್ಗದವರು ದಾವಣಗೆರೆಗೆ ಹೋಗಬೇಕಿತ್ತು. ಅಧಿಕಾರ ಇಲ್ಲಿ, ದುಡ್ಡು ಅಲ್ಲಿ. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಹೊಸ ಜಿಲ್ಲೆ ಆಯಿತು. ಡಿಸಿ ಆಫೀಸಿಗಾಗಿ ಓಡಾಡುವುದು ನಿಂತಿತು. ಆಸ್ಪತ್ರೆ, ಜವಳಿಗೆ ಹೋಗುವುದು ಮಾತ್ರ ಇಂದಿಗೂ ನಿಂತಿಲ್ಲ.

ಇದಕ್ಕಿಂತ ಹಳೆಯ ಕತೆ ಒಂದಿದೆ. ಅದು ನನಗೆ ಬಹಳ ಇಷ್ಟ. 1779ರಲ್ಲಿ ಹೈದರಾಲಿ ದುರ್ಗದ ಕೋಟೆ ಗೆದ್ದ. ಮದಕರಿ ನಾಯಕರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಅದೇ ಹೈದರಾಲಿ ದಾವಣಗೆರೆಯನ್ನು ಅಪ್ಪೋಜಿ ರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿ ಅದು. ಅಪ್ಪೋಜಿ ರಾಮ ವ್ಯಾಪಾರಿಗಳನ್ನು ಕರೆದು ನೆಲೆ ಕೊಟ್ಟ, ಊರು ಬೆಳೆಯಿತು. ದುರ್ಗ ಕಾವಲಿಗೆ ಕಟ್ಟಿದ ಊರು, ದಾವಣಗೆರೆ ವ್ಯಾಪಾರಕ್ಕೆ ಕೂಡಿದ ಊರು. ಇವತ್ತಿಗೂ ಎರಡೂ ಊರಲ್ಲಿ ಸುಮ್ನೆ ಒಂದು ಸುತ್ತು ನಡೆದು ಬಂದರೆ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ.

ಗಾತ್ರದ ಮಾತು ಬೇಗ ಮುಗಿಸುತ್ತೇನೆ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದಲ್ಲಿ ಸುಮಾರು 4 ಲಕ್ಷ 35 ಸಾವಿರ ಜನ. ದುರ್ಗದಲ್ಲಿ ಒಂದೂವರೆ ಲಕ್ಷದ ಒಳಗೆ. ಮೂರು ಪಟ್ಟು ಅಂದುಕೊಳ್ಳಿ.

(ದೃಶ್ಯ: ಮನೆಯ ಜಗಲಿ. ವಯಸ್ಸಾದ ಹೆಂಗಸಿನ ಕೈಗಳು ಸೊಪ್ಪು ಸೋಸುತ್ತಿವೆ. ಮುಖ ಕಾಣುವುದಿಲ್ಲ.)

ಈಗ ನಾನು ಹೇಳಬೇಕಾದ ಮಾತು. ಯಾವ ಊರು ಚೆನ್ನಾಗಿದೆ ಅಂತ ಕೇಳಬೇಡಿ. ನಿಮ್ಮ ಮನೆಯಲ್ಲಿ ಹಗಲೆಲ್ಲ ಮನೆಯಲ್ಲೇ ಇರುವವರು ಯಾರು ಅಂತ ಮೊದಲು ನೋಡಿ. ಕೆಲಸಕ್ಕೆ ಹೋಗುವವರು ಬಸ್ಸಲ್ಲಾದರೂ ಓಡಾಡುತ್ತಾರೆ, ಬೈಕಲ್ಲಾದರೂ ಓಡಾಡುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಆ ಊರಲ್ಲಿ ನಿಜವಾಗಿ ಬದುಕುವವರು ಬೇರೆ. ನಾವು ಮನೆ ಹುಡುಕುವಾಗ ಅವರನ್ನು ಕೇಳುವುದೇ ಇಲ್ಲ.

ನಾನೂ ಕೇಳಿರಲಿಲ್ಲ. ನನಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ ಆಗಿದ್ದಳು. ಶಾಮನೂರು ರಸ್ತೆ ಕಡೆ ಹೊಸ ಬಡಾವಣೆಯಲ್ಲಿ ಒಳ್ಳೆಯ ಮನೆ ಹಿಡಿದೆ. ಅಗಲವಾದ ರಸ್ತೆ, ಟೈಲ್ಸ್ ನೆಲ, ಬೈಕು ನಿಲ್ಲಿಸಲು ಜಾಗ. ಅವ್ವನನ್ನು ಕರೆದುಕೊಂಡು ಬಂದೆ.

ಆರು ತಿಂಗಳಾಗಿತ್ತು. ಒಂದು ರಾತ್ರಿ ಎರಡು ಗಂಟೆಗೆ ಅವಳಿಗೆ ಎದೆನೋವು ಬಂತು. ಪಕ್ಕದ ಮನೆಯವರು ಆಟೋ ತಂದರು. ಹತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು. ಹೃದಯದ ಡಾಕ್ಟರು ಆ ಹೊತ್ತಲ್ಲೂ ಬಂದರು. ಅವ್ವ ಉಳಿದಳು. ಆ ರಾತ್ರಿ ನೆನೆದರೆ ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ. ಆದ್ದರಿಂದ ದಾವಣಗೆರೆಯ ಬಗ್ಗೆ ಹಗುರವಾಗಿ ಮಾತಾಡಲು ನನ್ನಿಂದ ಆಗುವುದಿಲ್ಲ.

ಆದರೆ ಗುಣವಾಗಿ ಮನೆಗೆ ಬಂದ ಮೇಲೆ ಅವಳು ಮಂಕಾದಳು. ಊಟ ಕಡಿಮೆಯಾಯಿತು. ಒಂದು ದಿನ ಕೇಳಿದೆ, ಏನಾಗಿದೆ ಅವ್ವಾ ಅಂತ. "ಇಲ್ಲಿ ಎಲ್ಲಾ ಐತೆ ಕಣವ್ವಾ. ಆದ್ರೆ ನಂಗೆ ಹೋಗಾಕೆ ಒಂದು ಜಾಗ ಇಲ್ಲ" ಅಂದಳು.

ದೊಡ್ಡಪೇಟೆಯಲ್ಲಿ ಅವಳ ದಿನ ಹೇಗಿತ್ತು ಅಂತ ನನಗೆ ಆಗ ನೆನಪಾಯಿತು. ಬೆಳಿಗ್ಗೆ ಉಚ್ಚಂಗಿ ಯಲ್ಲಮ್ಮನ ಗುಡಿ. ಬರುವಾಗ ದಾರಿಯಲ್ಲಿ ನಾಲ್ಕು ಮನೆಯ ಬಾಗಿಲಲ್ಲಿ ನಿಂತು ಮಾತು. ಸಂಜೆ ಕೋಟೆ ಕಡೆ ನಿಧಾನವಾಗಿ ಒಂದು ನಡಿಗೆ. ಎಲ್ಲಾ ಕಾಲ್ನಡಿಗೆ, ಯಾರನ್ನೂ ಕೇಳಬೇಕಿರಲಿಲ್ಲ. ಹೊಸ ಬಡಾವಣೆಯಲ್ಲಿ ಗುಡಿಗೂ ಆಟೋ, ಸೊಪ್ಪಿಗೂ ನನ್ನ ಬೈಕು. ಹಗಲು ಹೊತ್ತು ಬೀದಿಯಲ್ಲಿ ಒಂದು ನರಪಿಳ್ಳೆ ಇರುತ್ತಿರಲಿಲ್ಲ.

ದುರ್ಗಕ್ಕೆ ವಾಪಸ್ ಹೋಗೋಣ ಅಂದುಕೊಂಡೆ. ಡಾಕ್ಟರು ಬೇಡ ಅಂದರು. ಕೊನೆಗೆ ಊರು ಬಿಡಲಿಲ್ಲ, ಓಣಿ ಬದಲಾಯಿಸಿದೆವು. ಹಳೇ ದಾವಣಗೆರೆಯಲ್ಲಿ, ದುಗ್ಗಮ್ಮನ ಗುಡಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಮನೆ. ಇಕ್ಕಟ್ಟು. ಬೈಕು ಬೀದಿಯಲ್ಲೇ ನಿಲ್ಲಬೇಕು. ಆಸ್ಪತ್ರೆ ಹತ್ತು ನಿಮಿಷದ ಬದಲು ಹದಿನೈದು ನಿಮಿಷ. ಆದರೆ ಎರಡನೇ ವಾರಕ್ಕೇ ಅವ್ವನಿಗೆ ಓಣಿಯಲ್ಲಿ ಮೂವರು ಗೆಳತಿಯರು ಸಿಕ್ಕಿದ್ದರು.

(ದೃಶ್ಯ: ನಲ್ಲಿಯ ಮುಂದೆ ಬಣ್ಣ ಬಣ್ಣದ ಕೊಡಗಳು. ನಂತರ ಕುಂದುವಾಡ ಕೆರೆ, ಕೊನೆಗೆ ವಾಣಿ ವಿಲಾಸ ಸಾಗರ.)

ಇನ್ನು ನೀರು. ಹಗಲೆಲ್ಲ ಮನೆಯಲ್ಲಿರುವವರ ತಲೆನೋವು ಇದೇ ಅಲ್ವಾ? ನಲ್ಲಿ ಬಂದಾಗ ಮೋಟರ್ ಹಾಕಿ ಸಂಪು ತುಂಬಿಸುವವರು ಅವರೇ.

ದಾವಣಗೆರೆಗೆ ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರಾ ನದಿಯಿಂದ ನೀರು ಎತ್ತುತ್ತಾರೆ. ಜೊತೆಗೆ ಭದ್ರಾ ಕಾಲುವೆಯ ನೀರು ಕುಂದುವಾಡ ಕೆರೆಗೂ ಟಿವಿ ಸ್ಟೇಷನ್ ಕೆರೆಗೂ ತುಂಬುತ್ತದೆ. ನದಿ ಒಂದು, ಕಾಲುವೆ ಒಂದು, ಎರಡು ಆಸರೆ. ಕಾಲುವೆ ಬಂದ್ ಆದ ಬೇಸಿಗೆಯಲ್ಲಿ, ನದಿಯೂ ಬತ್ತಿದರೆ, ಆಗ ಕೆರೆಯಲ್ಲಿ ಕೂಡಿಟ್ಟ ನೀರೇ ಗತಿ. ಜಲಸಿರಿ ಅಂತ ದಿನದ 24 ಗಂಟೆ ನೀರು ಕೊಡುವ ಯೋಜನೆ ಇದೆ, ಮೀಟರ್ ಹಾಕಿದ್ದಾರೆ. ನೀವು ನೋಡುವ ಮನೆಯ ಬೀದಿಯಲ್ಲಿ ಆ ಮೀಟರಿನಲ್ಲಿ ನೀರು ಹರಿಯುತ್ತಿದೆಯಾ ಅಂತ ಕಣ್ಣಾರೆ ನೋಡಿ. ನಮ್ಮ ಮೊದಲ ಮನೆಯ ಮಾಲೀಕರು "ನೀರಿಗೇನೂ ತೊಂದರೆ ಇಲ್ಲ" ಅಂದಿದ್ದರು. ಏಪ್ರಿಲ್ ಬಂದ ಮೇಲೆ ಅವ್ವ ವಾರಕ್ಕೊಮ್ಮೆ ಬರುವ ನಲ್ಲಿಗೆ ಕಾದು ಕೂರುತ್ತಿದ್ದಳು.

ದುರ್ಗದ ನೀರಿನ ಕತೆ ಇನ್ನೂ ವಿಚಿತ್ರ. ಊರು ಬಂಡೆಯ ಮೇಲಿದೆ, ಹತ್ತಿರ ತುಂಬಿ ಹರಿಯುವ ನದಿ ಇಲ್ಲ. ಹಿಂದಿನವರು ಮಳೆ ನೀರನ್ನೇ ಕೋಟೆಯೊಳಗೆ ಹೊಂಡದಿಂದ ಹೊಂಡಕ್ಕೆ ಇಳಿಸಿ ಹಿಡಿದಿಟ್ಟರು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡ. ಎಂಜಿನಿಯರುಗಳು ಇವತ್ತಿಗೂ ಬಂದು ನೋಡಿ ಕಲಿಯುವಂಥ ಕೆಲಸ ಅದು. ಈಗ ನಗರಕ್ಕೆ ನೀರು ಬರುವುದು ಎರಡು ಕಡೆಯಿಂದ. ಒಂದು, ಹಿರಿಯೂರಿನ ವಾಣಿ ವಿಲಾಸ ಸಾಗರ. ನಾವೆಲ್ಲ ಮಾರಿಕಣಿವೆ ಅನ್ನುತ್ತೇವೆ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ನಮ್ಮ ಅಜ್ಜಿ ಕತೆಯ ಹಾಗೆ ಹೇಳುತ್ತಿದ್ದದ್ದನ್ನು ಅವತ್ತು ಜನ ಲಾರಿ ಟ್ರ್ಯಾಕ್ಟರು ಮಾಡಿಕೊಂಡು ಹೋಗಿ ನೋಡಿ ಬಂದರು. ಎರಡನೆಯದು ಶಾಂತಿಸಾಗರ, ಅಂದರೆ ಸೂಳೆಕೆರೆ. ಅದು ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ, ದಾವಣಗೆರೆ ಜಿಲ್ಲೆಯಲ್ಲಿ! ಜಿಲ್ಲೆ ಬೇರೆಯಾದರೂ ದುರ್ಗದ ಕೊಡಕ್ಕೆ ದಾವಣಗೆರೆ ಜಿಲ್ಲೆಯ ಕೆರೆಯೇ ನೀರು ತುಂಬುತ್ತಿದೆ.

ದುರ್ಗದಲ್ಲಿ ಮನೆ ನೋಡುವವರಿಗೆ ಇನ್ನೊಂದು ಎಚ್ಚರಿಕೆ. ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಬೋರ್ ಇದೆ ಅಂತ ಖುಷಿಪಟ್ಟು ಅದನ್ನೇ ಕುಡಿಯಬೇಡಿ. ಮಕ್ಕಳ ಹಲ್ಲು ಹಳದಿಯಾಗುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ. ಕಾಯಿಸಿದರೆ ಹೋಗುವ ವಸ್ತು ಅಲ್ಲ ಅದು. ನೀರು ಪರೀಕ್ಷೆ ಮಾಡಿಸಿ. ಕುಡಿಯಲು ಶುದ್ಧ ನೀರಿನ ಘಟಕ ಎಷ್ಟು ದೂರ, ಕ್ಯಾನ್ ಹೊತ್ತು ತರುವವರು ಯಾರು, ಅದನ್ನೂ ಯೋಚಿಸಿ.

(ದೃಶ್ಯ: ಬೆಳಗಿನ ರೈಲು ನಿಲ್ದಾಣ, ದಾವಣಗೆರೆ.)

ಓದಿನ ವಿಷಯದಲ್ಲಿ ದಾವಣಗೆರೆಯೇ ಮುಂದೆ, ಇದರಲ್ಲಿ ಎರಡು ಮಾತಿಲ್ಲ. ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರದ್ದು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಶುರುವಾಯಿತು, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು, ಮಿಲ್ಲುಗಳ ಸದ್ದು ನಿಂತ ಮೇಲೂ ಬಿದ್ದು ಹೋಗದೆ ಉಳಿದದ್ದು ಈ ಕಾಲೇಜು, ಆಸ್ಪತ್ರೆಗಳಿಂದ ಅಂತ ನನ್ನ ನಂಬಿಕೆ. 2009ರಲ್ಲಿ ವಿಶ್ವವಿದ್ಯಾನಿಲಯವೂ ಬಂತು. ದುರ್ಗದ ಡಿಗ್ರಿ ಕಾಲೇಜುಗಳೂ ಅದಕ್ಕೇ ಸೇರಿವೆ. ಆದರೆ ಮಗು ಇನ್ನೂ ಪ್ರೈಮರಿಯಲ್ಲಿದ್ದರೆ ಇದಕ್ಕಾಗಿ ಊರು ಬಿಡುವ ಅವಸರ ಬೇಡ. ಆ ವಯಸ್ಸಿಗೆ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿಯ ಗಾಳಿ, ಆಡುಮಲ್ಲೇಶ್ವರದ ಪ್ರಾಣಿಗಳು ಸಿಗುವ ಊರು ದೊಡ್ಡ ಪಾಠಶಾಲೆ. ನಾನು ಓಬವ್ವನ ಕಿಂಡಿ ದಾಟಿ ಆಟ ಆಡಿದವಳು. ನನಗೆ ಅದರ ಬೆಲೆ ಗೊತ್ತು.

ಓಡಾಟದ ಲೆಕ್ಕ ಸ್ವಲ್ಪ ಬೇರೆ. ದಾವಣಗೆರೆ ಬೆಂಗಳೂರು ಹುಬ್ಬಳ್ಳಿ ಮುಖ್ಯ ರೈಲು ದಾರಿಯಲ್ಲಿದೆ. ವಂದೇ ಭಾರತ್ ಕೂಡ ನಿಲ್ಲುತ್ತದೆ. ದುರ್ಗ ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆ ಹೋಗುವ ದಾರಿಯಲ್ಲಿದೆ, ರೈಲು ಕಡಿಮೆ. ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ಹೊಸ ರೈಲು ದಾರಿ ಅಂತ ಮಂಜೂರಾಗಿ ಹತ್ತು ವರ್ಷದ ಮೇಲಾಯಿತು. ಅದನ್ನು ನಂಬಿ ಸೈಟು ಕೊಳ್ಳಬೇಡಿ ಅಂತ ನನ್ನ ಕಳಕಳಿಯ ಮಾತು. ಬಸ್ಸಿಗೆ ಮಾತ್ರ ದುರ್ಗವೇ ಸರಿ. ಬೆಂಗಳೂರು ಸುಮಾರು 200 ಕಿಲೋಮೀಟರ್. ಹೊಸಪೇಟೆಗೆ, ಶಿವಮೊಗ್ಗಕ್ಕೆ, ಹುಬ್ಬಳ್ಳಿಗೆ ದಾರಿ ಕೂಡುವ ಜಾಗ ಅದು. ಒಂದೇ ಕಷ್ಟ, ರಾತ್ರಿ ಬಸ್ಸುಗಳು ಎಷ್ಟೋ ಸಲ ಊರೊಳಗೆ ಬಾರದೆ ಬೈಪಾಸಿನಲ್ಲಿ ಇಳಿಸಿಬಿಡುತ್ತವೆ. ಮಧ್ಯರಾತ್ರಿ ಕತ್ತಲಲ್ಲಿ ಬ್ಯಾಗು ಹಿಡಿದು ನಿಂತ ಹೆಣ್ಣುಮಗಳಿಗೇ ಆ ಭಯ ಗೊತ್ತು. ಟಿಕೆಟ್ ಮಾಡುವಾಗಲೇ ಎಲ್ಲಿ ಇಳಿಸುತ್ತಾರೆ ಅಂತ ಕೇಳಿಕೊಳ್ಳಿ.

ಬಿಸಿಲು ಎರಡೂ ಕಡೆ ಇದೆ. ದುರ್ಗದ ಬಂಡೆಗಳು ಹಗಲೆಲ್ಲ ಕಾಯುತ್ತವೆ, ಆದರೆ ಸಂಜೆ ಗುಡ್ಡದ ಗಾಳಿ ಬೀಸಿದರೆ ಮೈ ಹಗುರ. ದಾವಣಗೆರೆಯ ಸುತ್ತ ಭತ್ತದ ಗದ್ದೆ, ಹಸಿರು ಕಣ್ಣಿಗೆ ತಂಪು, ಸೊಳ್ಳೆ ಜಾಸ್ತಿ. ಮಂಡಕ್ಕಿ ಭಟ್ಟಿ ಕಡೆ ಮನೆ ನೋಡುವವರು ಹೊಗೆ ಯಾವ ಕಡೆ ಬರುತ್ತದೆ ಅಂತ ಬೆಳಿಗ್ಗೆಯೇ ಹೋಗಿ ನೋಡಿ. ಮನೆ ಕಟ್ಟುವವರಿಗೆ ಇನ್ನೊಂದು: ದಾವಣಗೆರೆಯಲ್ಲಿ ಎರೆಮಣ್ಣಿನ ಸೈಟು ಸಿಕ್ಕರೆ ಪಾಯಕ್ಕೆ ಖರ್ಚು ಜಾಸ್ತಿ ಬರುತ್ತದೆ. ದುರ್ಗದಲ್ಲಿ ಬಂಡೆ ಸಿಕ್ಕರೆ ಪಾಯ ಗಟ್ಟಿ, ಸಂಪು ತೋಡುವುದು ಕಷ್ಟ.

ಬೆಣ್ಣೆ ದೋಸೆ? ಅದಕ್ಕಾಗಿ ದಾವಣಗೆರೆಗೆ ಬಂದು ಹೋಗಿ. ಮನೆ ಮಾಡಲು ಅದು ಕಾರಣ ಆಗಬಾರದು.

(ದೃಶ್ಯ: ದುಗ್ಗಮ್ಮನ ಗುಡಿಯ ಬೀದಿ, ಸಂಜೆ.)

ನನ್ನ ಸ್ವಂತ ಅಭಿಪ್ರಾಯ ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ಮನೆಯಲ್ಲಿ ಹೃದಯದ, ಕಿಡ್ನಿಯ ಕಾಯಿಲೆಯವರು ಇದ್ದರೆ ದಾವಣಗೆರೆ, ಅದರಲ್ಲೂ ನಡೆದು ಹೋಗಲು ಗುಡಿ, ಸಂತೆ ಇರುವ ಓಣಿ. ಚಳ್ಳಕೆರೆ, ಹಿರಿಯೂರು ಕಡೆ ಕೆಲಸ ಇರುವವರು, ಸಣ್ಣ ಮಕ್ಕಳ ಜೊತೆ ತಾಯಿಯೊಬ್ಬಳೇ ಹಗಲು ಕಳೆಯುವ ಮನೆ, ಆರೋಗ್ಯ ಗಟ್ಟಿ ಇರುವ ನಿವೃತ್ತರು, ಇವರಿಗೆ ದುರ್ಗ. ಅದೇ ಬಾಡಿಗೆಗೆ ಅಲ್ಲಿ ಒಂದು ಕೋಣೆ ಜಾಸ್ತಿ ಸಿಗುತ್ತದೆ, ಅದು ನಾನು ಎರಡೂ ಊರಲ್ಲಿ ಬಾಡಿಗೆ ಕಟ್ಟಿ ಕಂಡ ಲೆಕ್ಕ. ಗಂಡನಿಗೆ ಒಂದು ಊರು, ಹೆಂಡತಿಗೆ ಒಂದು ಊರು ಕೆಲಸ ಇದ್ದರೆ ನಡುವೆ ಭರಮಸಾಗರ ಇದೆಯಲ್ಲ ಅನ್ನಬೇಡಿ. ಇಬ್ಬರಲ್ಲಿ ಮನೆಗೆ ಬಂದ ಮೇಲೆ ಒಲೆ ಹಚ್ಚುವವರು ಯಾರೋ, ಅವರ ಕೆಲಸದ ಊರಲ್ಲಿ ಮನೆ ಮಾಡಿ.

ಮನೆಯನ್ನು ಏಪ್ರಿಲ್, ಮೇ ತಿಂಗಳಲ್ಲಿ ನೋಡಿ. ಭಾನುವಾರ ಬೇಡ, ನಡುವಾರದ ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಹಗಲು ಅಲ್ಲಿ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರನ್ನು ಬೀದಿಯಲ್ಲಿ ಬಿಟ್ಟು, "ಒಬ್ಬರೇ ಹೋಗಿ ಒಂದು ಕಟ್ಟು ಕೊತ್ತಂಬರಿ ತಗೊಂಡು ಬನ್ನಿ" ಅನ್ನಿ. ಎಷ್ಟು ಹೊತ್ತಿಗೆ ಬಂದರು, ಬರುವಾಗ ಮುಖ ಹೇಗಿತ್ತು, ಅಡ್ವಾನ್ಸ್ ಕೊಡುವ ಮೊದಲು ಅದನ್ನು ನೋಡಿ.

ಅವ್ವ ಈಗ ತಿಂಗಳಿಗೊಮ್ಮೆ ದುರ್ಗಕ್ಕೆ ಹೋಗುತ್ತಾಳೆ. ಹೋಗುವಾಗ ಇಲ್ಲಿಯ ಬೆಣ್ಣೆ, ಬರುವಾಗ ಕಾಲವಿದ್ದರೆ ಗುಡ್ಡದ ಸೀತಾಫಲ.

ಒಂದು ಸಹಾಯ ಮಾಡಿ. ನಿಮ್ಮ ಓಣಿಗೆ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತದೆ ಅಂತ ಓಣಿಯ ಹೆಸರಿನ ಜೊತೆ ಬರೆದು ತಿಳಿಸಿ. ಎರಡೂ ಊರಿನದ್ದು ಸೇರಿಸಿ, ನಕ್ಷೆ ಮಾಡಿ, ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.