ಹೃದಯ ತಾನೇ ಬೆಳೆಸಿಕೊಳ್ಳುವ ಬೈಪಾಸ್

ಕೇಳುಗರಿಗೆಲ್ಲ ನಮಸ್ಕಾರ. ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, ಸ್ಟೆಂಟಾ, ಬೈಪಾಸಾ? ಕೆಲವರು ಇನ್ನೂ ಮುಂದೆ ಹೋಗಿ, 'ಹೊಸ ನಾಳ ಬೆಳೆಸೋ ಇಂಜೆಕ್ಷನ್ ಇದೆಯಂತಲ್ಲ ಡಾಕ್ಟ್ರೇ?' ಅನ್ನುತ್ತಾರೆ. ಅದಕ್ಕೂ ಬರುತ್ತೇನೆ, ಸ್ವಲ್ಪ ತಾಳಿ.

ಹೃದಯದಲ್ಲಿ ಒಂದು ನಾಳವನ್ನು ಇನ್ನೊಂದಕ್ಕೆ ಜೋಡಿಸುವ ತೀರಾ ಸಣ್ಣ ನಾಳಗಳು ಮೊದಲಿಂದಲೂ ಇರುತ್ತವೆ. ಇವಕ್ಕೆ ಕೊಲ್ಯಾಟರಲ್ ಅಂತೀವಿ. ದೊಡ್ಡ ನಾಳ ಕಟ್ಟಿಕೊಂಡಾಗ ರಕ್ತ ಆ ಬ್ಲಾಕನ್ನು ಬಳಸಿಕೊಂಡು ಇವುಗಳೊಳಗೆ ನುಗ್ಗುತ್ತದೆ, ಇದೇ ಹೃದಯದ ಸ್ವಂತ ಬೈಪಾಸ್. ಜನ ಓಡಾಡಿದಷ್ಟೂ ಕಾಲುದಾರಿ ಅಗಲವಾಗುತ್ತದಲ್ವಾ, ಹಾಗೆ. ರಕ್ತ ಗೋಡೆಗೆ ಉಜ್ಜಿಕೊಂಡು ಹರಿದಷ್ಟೂ ಒಳಪದರದ ಜೀವಕೋಶಗಳು ಎಚ್ಚೆತ್ತು ನಾಳವನ್ನು ದೊಡ್ಡದು ಮಾಡುತ್ತವೆ. ರಕ್ತ ಜೋರಾಗಿ ಹರಿಯಬೇಕು. ಅದಕ್ಕೆ ನೀವು ನಡೆಯಬೇಕು.

ನನಗೆ ಬಹಳ ಇಷ್ಟವಾದ ಕಥೆಯೊಂದಿದೆ. ಲಂಡನ್ನಿನಲ್ಲಿ ವಿಲಿಯಂ ಹೆಬರ್ಡನ್ ಅಂತ ಒಬ್ಬ ವೈದ್ಯರಿದ್ದರು. ನಡೆದರೆ ಎದೆ ಹಿಂಡಿದಂತಾಗಿ, ನಿಂತರೆ ಹೋಗಿಬಿಡುವ ನೋವಿನ ಬಗ್ಗೆ 1768ರಲ್ಲಿ ತಮ್ಮ ಜೊತೆಯ ವೈದ್ಯರ ಮುಂದೆ ವಿವರವಾಗಿ ಮಾತಾಡಿ, ಅದಕ್ಕೆ ಆಂಜೈನಾ ಅಂತ ಹೆಸರಿಟ್ಟವರು ಇವರೇ. ಆಗ ಇಸಿಜಿ ಇಲ್ಲ, ಆಂಜಿಯೋಗ್ರಾಂ ಇಲ್ಲ, ಈ ನೋವು ಹೃದಯದ ನಾಳದಿಂದ ಬರುತ್ತದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ. ಅವರು ಹೇಳುತ್ತಿದ್ದ ಮದ್ದು ಏನು? ಬೆಚ್ಚಗಿರಿ, ವಿಶ್ರಾಂತಿ ತಗೊಳ್ಳಿ, ರಾತ್ರಿ ಸ್ವಲ್ಪ ಅಫೀಮು. ಆದರೆ ಅದೇ ಮನುಷ್ಯ ಒಂದು ಸಾಲು ಬರೆದಿಟ್ಟಿದ್ದಾರೆ: ಒಬ್ಬಾತ ದಿನಾ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಹಚ್ಚಿಕೊಂಡ, ಹೆಚ್ಚುಕಮ್ಮಿ ಗುಣವಾದ! ಯಾಕೆ ಗುಣವಾದ ಅಂತ ಬರೆದಿಲ್ಲ. ಆತ ಯಾರೋ, ಹೆಸರೂ ಇಲ್ಲ. ವೈದ್ಯರು ಸುಮ್ನೆ ಕೂತಿರು ಅನ್ನುತ್ತಿದ್ದ ಕಾಲದಲ್ಲಿ ಗರಗಸ ಹಿಡಿದ ಪುಣ್ಯಾತ್ಮ! ನನ್ನನ್ನು ಕೇಳಿದರೆ ಆತನ ಕೊಲ್ಯಾಟರಲ್‌ಗಳು ಬೆಳೆದಿದ್ದವು. ಈಚೆಗೆ ಜರ್ಮನಿಯಲ್ಲಿ ರೋಗಿಗಳಿಗೆ ನಾಲ್ಕು ವಾರ ಚೆನ್ನಾಗಿ ವ್ಯಾಯಾಮ ಮಾಡಿಸಿ, ಹೃದಯದೊಳಗೇ ಅಳೆದು ನೋಡಿದರೆ ಈ ಸಣ್ಣ ನಾಳಗಳ ಹರಿವು ಜಾಸ್ತಿಯಾಗಿತ್ತು.

ಕಥೆಯಲ್ಲೇ ಹೊತ್ತು ಹೋಯಿತು. ಈಗ ಇಂಜೆಕ್ಷನ್. ನಾಳ ಬೆಳೆಸುವ ವಿಇಜಿಎಫ್ ಅನ್ನುವ ಪ್ರೋಟೀನ್ 1989ರಲ್ಲಿ ಸಿಕ್ಕಿತು, ಇನ್ನು ಬೈಪಾಸೇ ಬೇಡ ಅಂತ ಭಾರಿ ಉತ್ಸಾಹ. ಆಮೇಲೆ ಅಮೆರಿಕದಲ್ಲಿ 178 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. 60 ದಿನಗಳಾದ ಮೇಲೆ ನೋಡಿದರೆ, ಔಷಧಿಯೇ ಇಲ್ಲದ ಸೂಜಿ ಚುಚ್ಚಿಸಿಕೊಂಡವರೂ ಟ್ರೆಡ್‌ಮಿಲ್ ಮೇಲೆ ಮೊದಲಿಗಿಂತ ಜಾಸ್ತಿ ಹೊತ್ತು ನಡೆದರು! ಔಷಧಿ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವೇ ಸಿಗಲಿಲ್ಲ. ಈ ಪ್ರೋಟೀನ್ ಬೆಳೆಸುವುದು ಹೆಚ್ಚಾಗಿ ಕೂದಲಿಗಿಂತ ತೆಳುವಾದ ಲೋಮನಾಳಗಳನ್ನು. ನಮಗೆ ಬೇಕಾಗಿರುವುದು ಗಟ್ಟಿ ಗೋಡೆಯ, ದೊಡ್ಡ ನಾಳ. ಅದನ್ನು ಬೆಳೆಸುವುದು ರಕ್ತದ ಹರಿವು. ಮತ್ತೆ ಹೇಳ್ತೀನಿ, ನಡೆಯಿರಿ.

ಕಾಲಿಗೆ ಪಟ್ಟಿ ಕಟ್ಟಿ ಒತ್ತಿ ಹೃದಯದ ನಾಳಗಳಿಗೆ ರಕ್ತ ಹೆಚ್ಚಿಸುವ ಇಇಸಿಪಿ ಚಿಕಿತ್ಸೆಯ ಬಗ್ಗೆಯೂ ಹೇಳಬೇಕಿತ್ತು, ಸಮಯ ಮುಗಿಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಎಷ್ಟು ಹೊತ್ತು, ಎಷ್ಟು ಜೋರಾಗಿ ನಡೆಯಬಹುದು ಅಂತ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಬರೆದುಕೊಟ್ಟ ಮಾತ್ರೆ ಬಿಡಬೇಡಿ. ಸುಮ್ಮನೆ ಕೂತಾಗಲೂ ಎದೆನೋವು ಬಂದರೆ ನಡೆಯಲು ಹೋಗಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ನಮಸ್ಕಾರ.